ಅಕ್ಕ ಕೇಳಿದ್ದು ಒಂದು, ಭಾವ ಕೇಳಿಸಿದ್ದು ಇನ್ನೊಂದು

ಮೊನ್ನೆ ಅಕ್ಕ ಫೋನಿನಲ್ಲಿ, "ಬ್ಲೂಬೆರಿ ತಿಂದರೆ ನನ್ನಂಥವರಿಗೆ ಒಳ್ಳೇದಂತೆ, ಹೌದೇನೋ?" ಎಂದಳು. ನಾನು ಬಾಯಿ ತೆಗೆಯುವ ಮೊದಲೇ ಆ ಕಡೆಯಿಂದ ಭಾವನ ದನಿ: "ತೂಕ ಎಷ್ಟು ಇಳಿಯುತ್ತಂತೆ, ಅದನ್ನ ಕೇಳು." ಅಕ್ಕ ಕೇಳಲಿಲ್ಲ. "ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟಳು.

ಭಾವ ಕೆಟ್ಟವರಲ್ಲ. ಅಕ್ಕನಿಗೆ ಜ್ವರ ಬಂದರೆ ರಾತ್ರಿಯೆಲ್ಲ ಎದ್ದಿರುತ್ತಾರೆ. ಆದರೂ "ಅದನ್ನ ಕೇಳು" ಎಂಬ ಆ ಮಾತು ನನಗೆ ಚುಚ್ಚುತ್ತಲೇ ಇದೆ. ಅಕ್ಕ ಕೇಳಿದ್ದು ತನ್ನ ಆರೋಗ್ಯದ ಬಗ್ಗೆ, ತೂಕದ ಬಗ್ಗೆ ಅಲ್ಲ.

ಅವಳ ಪ್ರಶ್ನೆಯನ್ನೇ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದವರು ಹೆಚ್ಚುಕಡಿಮೆ ಹಾಗೆಯೇ ಕೇಳಿದ್ದರು. 2019ರಲ್ಲಿ ಬಂದ ಅವರ ಅಧ್ಯಯನದಲ್ಲಿದ್ದವರು 50ರಿಂದ 75 ವರ್ಷದ, ತೂಕ ಹೆಚ್ಚಿದ್ದ, ಮೆಟಬಾಲಿಕ್ ಸಿಂಡ್ರೋಮ್ (ಹೊಟ್ಟೆಯ ಬೊಜ್ಜು, ರಕ್ತದೊತ್ತಡ, ರಕ್ತದ ಸಕ್ಕರೆ, ಕೊಬ್ಬು ಇವುಗಳಲ್ಲಿ ಹಲವು ಒಟ್ಟಿಗೆ ಏರುಪೇರಾಗಿರುವ ಸ್ಥಿತಿ) ಇದ್ದ 115 ಮಂದಿ. ಆರು ತಿಂಗಳು ಕೆಲವರಿಗೆ ದಿನಕ್ಕೆ ಒಂದು ಕಪ್, ಅಂದರೆ 150 ಗ್ರಾಂ ಹಣ್ಣಿಗೆ ಸಮನಾದ ಪುಡಿ. ಕೆಲವರಿಗೆ ಅದರ ಅರ್ಧ. ಉಳಿದವರಿಗೆ ಅದೇ ನೇರಳೆ ಬಣ್ಣದ, ಹಣ್ಣೇ ಇಲ್ಲದ ಪುಡಿ. ಯಾರಿಗೆ ಯಾವುದು ಎಂದು ತಿಂದವರಿಗೂ ಗೊತ್ತಿಲ್ಲ, ಕೊಟ್ಟವರಿಗೂ ಗೊತ್ತಿಲ್ಲ. ತೋಳಿಗೆ ಪಟ್ಟಿ ಬಿಗಿದು, ಸ್ವಲ್ಪ ಹೊತ್ತು ರಕ್ತ ತಡೆದು ಬಿಟ್ಟಾಗ ರಕ್ತನಾಳ ಎಷ್ಟು ಹಿಗ್ಗುತ್ತದೆ ಎಂದು ಅಲ್ಟ್ರಾಸೌಂಡಿನಲ್ಲಿ ಅಳೆದರು. ಒಂದು ಕಪ್ಪಿನವರಲ್ಲಿ ನಾಳಗಳು ಮೊದಲಿಗಿಂತ ಚೆನ್ನಾಗಿ ಹಿಗ್ಗಿದವು, ಬಿರುಸು ಕಡಿಮೆಯಾಯಿತು. ಅರ್ಧ ಕಪ್ಪಿನವರಿಗೆ ಆ ಲಾಭ ಸಿಗಲಿಲ್ಲ.

ಅವರು ಮುಖ್ಯವಾಗಿ ಹುಡುಕಿದ್ದು ಇನ್ಸುಲಿನ್ ಪ್ರತಿರೋಧ, ಅಂದರೆ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನಿಗೆ ದೇಹ ಸರಿಯಾಗಿ ಸ್ಪಂದಿಸದಿರುವುದು, ತಗ್ಗುತ್ತದೆಯೇ ಎಂದು. ತಗ್ಗಲಿಲ್ಲ. ಅಮೆರಿಕದ ಬ್ಲೂಬೆರಿ ಬೆಳೆಗಾರರ ಮಂಡಳಿಯ ಹಣ ಅದರಲ್ಲಿತ್ತು. ಹಾಗಿದ್ದೂ ಆ "ಇಲ್ಲ"ವನ್ನು ಮುಚ್ಚಿಡದೆ ಬರೆದರಲ್ಲ, ಅದಕ್ಕಾಗಿಯೇ ಉಳಿದದ್ದನ್ನೂ ನಂಬಬೇಕೆನಿಸುತ್ತದೆ.

ತೂಕ ಇಳಿಸಲೆಂದು ಮಾಡಿದ ಪ್ರಯೋಗ ಅದಲ್ಲ. ದಪ್ಪಗಿದ್ದವರನ್ನು ದಪ್ಪಗಿದ್ದ ಹಾಗೆಯೇ ಕೂರಿಸಿಕೊಂಡು, ನಿಮ್ಮ ರಕ್ತನಾಳ ಹೇಗಿದೆ ಎಂದು ವಿಚಾರಿಸಿದರು. ಈ ಮರ್ಯಾದೆ ನಮ್ಮ ಮನೆಗಳಲ್ಲಿ ಸಿಗುವುದಿಲ್ಲ. ಮಂಡಿನೋವು ಎಂದರೆ ತೂಕ, ನಿದ್ದೆ ಬರುತ್ತಿಲ್ಲ ಎಂದರೂ ತೂಕ. ತೂಕ ಮುಖ್ಯವಲ್ಲ ಎಂದು ನಾನು ಹೇಳುತ್ತಿಲ್ಲ. ಆದರೆ ಪ್ರತಿ ಸಲ ಅದೇ ಉತ್ತರ ಬಂದರೆ ಮನುಷ್ಯರು ಏನನ್ನೂ ಕೇಳದೆ ಕುಳಿತುಬಿಡುತ್ತಾರೆ. ಎದೆನೋವು ಬಂದರೂ ಹೇಳುವುದಿಲ್ಲ. ನನ್ನ ಭಯ ಅದು.

ಅಕ್ಕನಿಗೆ ಇಷ್ಟನ್ನೂ ಬರೆದು ಕಳಿಸಿದ್ದೇನೆ, ಇನ್ಸುಲಿನ್ ವಿಷಯವನ್ನೂ ಸೇರಿಸಿ. ಭಾವನಿಗೆ ಬೇರೆಯಾಗಿ ಬರೆಯುತ್ತಿದ್ದೇನೆ. ಅದು ಇನ್ನೂ ಮುಗಿದಿಲ್ಲ.