ಬೆಲ್ಲೂನೊದಿಂದ ಒಂದು ಅಣೆಕಟ್ಟಿನವರೆಗೆ

ವೆನಿಸ್‌ಗೆ ಬಂದವರು ಅಲ್ಲಿಂದ ಫ್ಲಾರೆನ್ಸ್ ಕಡೆಗೋ ರೋಮ್ ಕಡೆಗೋ ಹೊರಡುತ್ತಾರೆ. ಬೆಟ್ಟ ನೋಡಬೇಕು ಅನ್ನುವವರು ಸೀದಾ ಕೊರ್ತೀನಾಕ್ಕೆ ಬಸ್ಸು ಹತ್ತುತ್ತಾರೆ. ದಾರಿಯಲ್ಲೇ ಇರುವ ಬೆಲ್ಲೂನೊದಲ್ಲಿ ಇಳಿಯುವವರು ಕಡಿಮೆ. ನನ್ನನ್ನು ಅಲ್ಲಿ ಇಳಿಸಿದ್ದು ತಂಗಿ. ಅವಳು ಪಾದುವಾದಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. "ಅಕ್ಕ, ಡಾಲೊಮೈಟ್ಸ್ ಫೋಟೊ ಎಲ್ಲರ ಹತ್ರಾನೂ ಇದೆ. ನೀನು ಆ ಬೆಟ್ಟದ ಬುಡದಲ್ಲಿ ಬದುಕೋರ ಊರು ನೋಡು" ಅಂದಳು.

ಪಾದುವಾದಿಂದ ಹೊರಟ ರೈಲು ಮೊದಲು ಸಪಾಟು ಹೊಲಗಳ ನಡುವೆ ಓಡಿತು. ಆಮೇಲೆ ಗುಡ್ಡಗಳು ಎರಡೂ ಕಡೆಯಿಂದ ಹತ್ತಿರ ಬಂದವು. ಪಿಯಾವೆ ನದಿ ಕಂಡಿತು. ನದಿಯ ಪಾತ್ರ ತುಂಬಾ ಅಗಲ, ತುಂಬ ಬರೀ ಬಿಳಿ ಕಲ್ಲು. ನೀರು ಮಾತ್ರ ಅಲ್ಲೊಂದು ಇಲ್ಲೊಂದು ಕವಲಿನಲ್ಲಿ ಹರಿಯುತ್ತಿತ್ತು. ಇಷ್ಟು ದೊಡ್ಡ ನದಿಯಲ್ಲಿ ಇಷ್ಟೇನಾ ನೀರು ಅಂತ ಕೇಳಿದೆ. "ಮೇಲೆ ಕರೆಂಟಿಗೆ, ಕೆಳಗೆ ಹೊಲಕ್ಕೆ ಅಂತ ತಿರುಗಿಸಿಕೊಂಡಿದ್ದಾರೆ" ಅಂದಳು ತಂಗಿ. ಉತ್ತರ ಕನ್ನಡದಲ್ಲಿ ಹುಟ್ಟಿದ ನನಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿರಲಿಲ್ಲ. ಕಾಳಿ ನದಿಯ ಅಣೆಕಟ್ಟುಗಳ ಮಾತು ಕೇಳುತ್ತಲೇ ಬೆಳೆದವರು ನಾವು.

ಬೆಲ್ಲೂನೊ ಒಂದು ಪ್ರಾಂತ್ಯದ ಮುಖ್ಯ ಊರು. ಆದರೂ ಜನಸಂಖ್ಯೆ ಸುಮಾರು 35,000 ಅಷ್ಟೇ. ಪಿಯಾವೆಗೆ ಆರ್ದೊ ಅನ್ನುವ ಹೊಳೆ ಸೇರುವ ಜಾಗದಲ್ಲಿ, ದಿಬ್ಬದ ಮೇಲೆ ಹಳೇ ಊರಿದೆ. ಒಂದು ಬೀದಿಯ ಕೊನೆಯಲ್ಲಿ ನದಿ ಕಾಣುತ್ತದೆ, ಇನ್ನೊಂದು ಬೀದಿಯ ಕೊನೆಯಲ್ಲಿ ಬೆಟ್ಟ ಕಾಣುತ್ತದೆ. ಉತ್ತರಕ್ಕೆ ಸ್ಕಿಯಾರಾ ಪರ್ವತ, ಎತ್ತರ 2,565 ಮೀಟರ್. ಅದರ ಪಕ್ಕದಲ್ಲಿ ಒಂದು ಕಲ್ಲು ಸೂಜಿ ನೆಟ್ಟ ಹಾಗೆ ನಿಂತಿದೆ. ಕೆಳಗಿನಿಂದ ನೋಡಿದರೆ ಕಡ್ಡಿಯಷ್ಟು ಕಾಣುವ ಅದು ಸುಮಾರು 40 ಮೀಟರ್ ಎತ್ತರವಿದೆಯಂತೆ. ಮೋಡ ಸರಿದಾಗಲೆಲ್ಲ ಅದು ಕಾಣುತ್ತದಾ ಅಂತ ತಲೆ ಎತ್ತಿ ನೋಡುವುದೇ ಕೆಲಸವಾಯಿತು.

ನದಿ ದಡಕ್ಕೆ ಇಳಿದು ಮತ್ತೆ ಊರಿಗೆ ಹತ್ತಬೇಕಾದಾಗ ತಂಗಿ ನನ್ನನ್ನು ಕಾರು ನಿಲ್ಲಿಸುವ ಜಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿಂದ ಎಸ್ಕಲೇಟರ್ ಇದೆ! ಒಂದಾದ ಮೇಲೊಂದು ಎಸ್ಕಲೇಟರ್‌ನಲ್ಲಿ ನಿಂತರೆ ಸಾಕು, ದೊಡ್ಡ ಚರ್ಚಿನ ಚೌಕದ ಹತ್ತಿರ ತಂದು ಬಿಡುತ್ತದೆ. ವಯಸ್ಸಾದವರು ತರಕಾರಿ ಚೀಲ ಹಿಡಿದು ಆರಾಮಾಗಿ ಮೇಲೆ ಬರುತ್ತಿದ್ದರು. ದಿಬ್ಬದ ಊರುಗಳಿಗೆಲ್ಲ ಇಂಥದ್ದೊಂದು ಬೇಕು ಅನ್ನಿಸಿತು.

ಚೌಕದಲ್ಲಿ ಕಿಟಕಿಗಳನ್ನು ನೋಡಿದರೆ ವೆನಿಸ್ ನೆನಪಾಗುತ್ತದೆ. 1404ರಿಂದ 1797ರವರೆಗೆ, ನಡುವೆ ಕೆಲವು ವರ್ಷ ಬಿಟ್ಟರೆ, ಈ ಊರು ವೆನಿಸ್‌ನ ಕೈಯಲ್ಲಿತ್ತು. ಅಲ್ಲಿಂದ ಬಂದ ಅಧಿಕಾರಿಗಳು ಇದ್ದ ಅರಮನೆ ಗಡಿಯಾರದ ಗೋಪುರದ ಸಮೇತ ಇನ್ನೂ ಇದೆ. ವೆನಿಸ್‌ಗೆ ಈ ಊರಿನ ಮೇಲೆ ಅಷ್ಟು ಆಸೆ ಯಾಕೆ? ಮರಕ್ಕಾಗಿ. ಹಡಗಿಗೆ ಮರ ಬೇಕು, ಮನೆಗಳ ಅಡಿಗೆ ಕೆಸರಿನಲ್ಲಿ ಹೂಳುವ ಕಂಬಗಳಿಗೂ ಮರ ಬೇಕು. ಮೇಲಿನ ಕಾಡುಗಳಲ್ಲಿ ಕಡಿದ ದಿಮ್ಮಿಗಳನ್ನು ತೆಪ್ಪ ಕಟ್ಟಿ ಪಿಯಾವೆಯಲ್ಲಿ ತೇಲಿಸಿಕೊಂಡು ಹೋಗುತ್ತಿದ್ದರು. ಅದನ್ನೇ ಕಸುಬು ಮಾಡಿಕೊಂಡವರು ನದಿ ದಡದ ಕೇರಿಯಲ್ಲಿ ಇದ್ದರು. ಹಿಂದಿನ ದಿನವಷ್ಟೇ ವೆನಿಸ್‌ನ ಕಾಲುವೆಗಳಲ್ಲಿ ಓಡಾಡಿ ಬಂದಿದ್ದೆ. ಆ ಮನೆಗಳನ್ನು ಹೊತ್ತ ಮರ ಎಲ್ಲಿಯದು ಅಂತ ಅಲ್ಲಿ ತಲೆಗೆ ಹೊಳೆದೇ ಇರಲಿಲ್ಲ.

ಊಟಕ್ಕೆ ಪೊಲೆಂಟಾ ಬಂತು. ಮೆಕ್ಕೆಜೋಳದ ಹಿಟ್ಟಿನದು, ನಮ್ಮ ಮುದ್ದೆಯ ಹಾಗೆ. ಜೊತೆಗೆ ಬೆಣ್ಣೆಯಲ್ಲಿ ಹುರಿದ ಸ್ಕಿಜ್ ಅನ್ನುವ ಹಸಿ ಚೀಸ್. ಆಮೇಲೆ ಕಸುನ್ಸಿಯೆಯಿ, ಅಂದರೆ ಒಳಗೆ ಬೀಟ್‌ರೂಟ್ ತುಂಬಿ ಅರ್ಧಚಂದ್ರದ ಆಕಾರಕ್ಕೆ ಮಡಚಿದ ಪಾಸ್ತಾ. ಅದರ ಮೇಲೆ ಕರಗಿದ ಬೆಣ್ಣೆ, ಕಪ್ಪು ಗಸಗಸೆ. ಗಸಗಸೆಯನ್ನು ಪಾಯಸದಲ್ಲೇ ಕಂಡಿದ್ದ ನನಗೆ ಇದು ಹೊಸದು. ಇಟಲಿಯಲ್ಲಿ ತಿಂದದ್ದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ.

ಸಂಜೆ ಹುತಾತ್ಮರ ಚೌಕದಲ್ಲಿ ಕೂತೆವು. ಊರಿನವರೆಲ್ಲ ಅಡ್ಡಾಡುವ ಜಾಗ. ಒಂದು ಬದಿಗೆ ಕಮಾನುಗಳ ಸಾಲು, ಅದರ ಕೆಳಗೆ ಕಾಫಿ ಅಂಗಡಿಗಳು, ಎದುರಿಗೆ ಮರಗಳು. 1945ರ ಮಾರ್ಚ್ 17ರಂದು ನಾಜಿಗಳು ನಾಲ್ವರು ಹೋರಾಟಗಾರರನ್ನು ಇಲ್ಲಿನ ದೀಪದ ಕಂಬಗಳಿಗೆ ನೇಣು ಹಾಕಿದರು. ಯುದ್ಧ ಮುಗಿಯಲು ಎರಡು ತಿಂಗಳೂ ಇರಲಿಲ್ಲ. ಚೌಕಕ್ಕೆ ಈಗಿನ ಹೆಸರು ಬಂದದ್ದು ಅವರಿಂದ. ಮಕ್ಕಳು ಆಡುತ್ತಿದ್ದ ಆ ಜಾಗದಲ್ಲಿ ಕೂತು ಇದನ್ನು ಕೇಳುವುದು ಕಷ್ಟವಾಯಿತು. ಆದರೆ ಹೆಸರು ಇಟ್ಟು, ಅಲ್ಲೇ ಬದುಕುತ್ತಿರುವ ಈ ಜನರ ಮೇಲೆ ಗೌರವ ಹುಟ್ಟಿತು.

ಮಾರನೇ ದಿನ ಕಾರು ಮಾಡಿಕೊಂಡು, 1963ರಲ್ಲಿ ದೊಡ್ಡ ದುರಂತ ನಡೆದ ವಯೋಂಟ್ ಅಣೆಕಟ್ಟಿಗೆ ಹೊರಟೆವು. ನಿಜ ಹೇಳಬೇಕೆಂದರೆ ತಂಗಿ ನನ್ನನ್ನು ಬೆಲ್ಲೂನೊಗೆ ಕರೆತಂದದ್ದೇ ಇದಕ್ಕೆ. ಅವಳ ಪಾಠದಲ್ಲಿ ಅದು ಬರುತ್ತದೆ. ಆದರೆ ನನ್ನನ್ನು ಯಾಕೆ ಕರೆದಳು ಅನ್ನುವುದು ಅಲ್ಲಿ ನಿಂತ ಮೇಲೆ ತಿಳಿಯಿತು.

ದಾರಿಯಲ್ಲಿ ಮೊದಲು ಫೋರ್ತೋನ್ಯಾದ ಸ್ಮಶಾನ ಸಿಗುತ್ತದೆ. ಹುಲ್ಲಿನ ಮೇಲೆ ಒಂದೇ ಅಳತೆಯ ಬಿಳಿ ಅಮೃತಶಿಲೆಯ ಕಲ್ಲುಗಳು, 1,910. ಸತ್ತವರಲ್ಲಿ ಎಷ್ಟೋ ಜನರ ದೇಹ ಸಿಗಲೇ ಇಲ್ಲ. ಸಿಕ್ಕವರಲ್ಲೂ ಎಷ್ಟೋ ಜನರ ಗುರುತು ಹತ್ತಲಿಲ್ಲ. ಮುಂದೆ ಲೊಂಗರೋನೆ ಪಟ್ಟಣ. ಎಲ್ಲ ಹೊಸ ಕಟ್ಟಡಗಳೇ, ಯಾಕೆಂದರೆ ಹಳೇ ಊರು ಉಳಿಯಲಿಲ್ಲ. ಪಕ್ಕದ ಪಿರಾಗೊದಲ್ಲಿ ಮಾತ್ರ ಒಂದು ಹಳೇ ಗಂಟೆ ಗೋಪುರ ಒಂಟಿಯಾಗಿ ನಿಂತಿದೆ. ಅದರ ಚರ್ಚು ನೀರಲ್ಲಿ ಹೋಯಿತು.

ಲೊಂಗರೋನೆಯ ಬೀದಿಯಲ್ಲಿ ನಿಂತು ಎದುರು ಬೆಟ್ಟದ ಸಂದಿಯಲ್ಲಿ ನೋಡಿದರೆ ಅಣೆಕಟ್ಟು ಕಾಣುತ್ತದೆ. ಎತ್ತರ 261.6 ಮೀಟರ್. ಆ ಕಾಲಕ್ಕೆ ಜಗತ್ತಿನ ಅತಿ ಎತ್ತರದ ಅಣೆಕಟ್ಟುಗಳಲ್ಲಿ ಒಂದು. ಅಣೆಕಟ್ಟು ಒಡೆದು ಊರು ಕೊಚ್ಚಿಹೋಯಿತು ಅಂದುಕೊಂಡಿದ್ದೆ. ಅದು ಒಡೆಯಲಿಲ್ಲ. ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಜಾರಿದ್ದು ಪಕ್ಕದ ತೋಕ್ ಬೆಟ್ಟ.

1960ರಲ್ಲಿ ನೀರು ತುಂಬಿಸುವಾಗಲೇ ಒಂದು ತುಂಡು ಕುಸಿದಿತ್ತು. ಬೆಟ್ಟದ ಮೇಲೆ ಸುಮಾರು ಎರಡು ಕಿಲೋಮೀಟರ್ ಉದ್ದದ ಬಿರುಕು ಬಿದ್ದಿತ್ತು. ನೀರನ್ನು ಏರಿಸಿ ಇಳಿಸಿ ಬೆಟ್ಟದ ಜಾರಿಕೆಯನ್ನು ಹತೋಟಿಯಲ್ಲಿ ಇಡಬಹುದು ಅಂತ ಎಂಜಿನಿಯರ್‌ಗಳು ನಂಬಿದ್ದರು. ಪುಟ್ಟ ಮಾದರಿಯೊಂದನ್ನು ಕಟ್ಟಿ, ಜಲ್ಲಿ ಸುರಿದು ಪರೀಕ್ಷೆಯನ್ನೂ ಮಾಡಿದ್ದರು. ನೀರಿನ ಮಟ್ಟ ಸಮುದ್ರ ಮಟ್ಟದಿಂದ 700 ಮೀಟರ್ ಇದ್ದರೆ ಭಯವಿಲ್ಲ ಅಂತ ಲೆಕ್ಕ ಬಂದಿತ್ತು. 1963ರ ಅಕ್ಟೋಬರ್ 9ರ ರಾತ್ರಿ ಮಟ್ಟ ಹೆಚ್ಚುಕಮ್ಮಿ ಅಷ್ಟೇ ಇತ್ತು. ಟಿ.ವಿ.ಯಲ್ಲಿ ಫುಟ್‌ಬಾಲ್ ಪಂದ್ಯ ನೋಡಲು ಅಕ್ಕಪಕ್ಕದ ಹಳ್ಳಿಯವರೂ ಲೊಂಗರೋನೆಯ ಬಾರ್‌ಗಳಿಗೆ ಬಂದಿದ್ದರು. 10 ಗಂಟೆ 39 ನಿಮಿಷಕ್ಕೆ ಸುಮಾರು 26 ಕೋಟಿ ಘನ ಮೀಟರ್ ಬೆಟ್ಟ ಜಲಾಶಯಕ್ಕೆ ಜಾರಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಎದ್ದ ನೀರು ಎದುರು ದಡದ ಕೇರಿಗಳಿಗೂ ಬಡಿಯಿತು, ಅಣೆಕಟ್ಟನ್ನು ಹಾರಿ ಲೊಂಗರೋನೆಯ ಮೇಲೂ ಬಿತ್ತು.

ಅಣೆಕಟ್ಟಿನ ಹಿಂದೆ ಈಗ ಕೆರೆ ಇಲ್ಲ. ಅಲ್ಲೊಂದು ಗುಡ್ಡ ಇದೆ, ಮರಗಳು ಬೆಳೆದಿವೆ. ಅದೇ ಜಾರಿ ಬಂದ ಬೆಟ್ಟ ಅಂತ ತಿಳಿಯಲು ಹೊತ್ತು ಹಿಡಿಯಿತು. ಮೇಲೆ ತೋಕ್‌ನ ಮೈ ಬೋಳು ಬಂಡೆಯಾಗಿ ಕಾಣುತ್ತದೆ. ಸುಣ್ಣಕಲ್ಲಿನ ಪದರಗಳ ನಡುವೆ ತೆಳುವಾದ ಜೇಡಿಮಣ್ಣು ಇತ್ತು, ನೀರು ಸೇರಿ ಅದು ಹಿಡಿತ ಬಿಟ್ಟಿತು ಅಂತ ತಂಗಿ ತೋರಿಸಿದಳು.

ತೀನಾ ಮೆರ್ಲಿನ್ ಅನ್ನುವ ಪತ್ರಕರ್ತೆಯ ಬಗ್ಗೆ ಗೈಡ್ ಹೆಂಗಸು ತುಂಬಾ ಹೊತ್ತು ಹೇಳಿದರು. ಆಕೆ ಇದೇ ಬೆಲ್ಲೂನೊ ಪ್ರಾಂತ್ಯದವರು. ಜಲಾಶಯದ ಪಕ್ಕದ ಎರ್ತೊ ಹಳ್ಳಿಯವರ ಭಯವನ್ನು ದುರಂತಕ್ಕೆ ನಾಲ್ಕು ವರ್ಷ ಮೊದಲೇ ಪತ್ರಿಕೆಯಲ್ಲಿ ಬರೆದರು. ಸುಳ್ಳು ಸುದ್ದಿ ಹಬ್ಬಿಸಿ ಶಾಂತಿ ಕದಡಿದರು ಅಂತ ಅವರ ಮೇಲೆ ಕೇಸು ಹಾಕಿದರು. 1960ರಲ್ಲಿ ಮಿಲಾನ್‌ನ ಕೋರ್ಟು ಅವರನ್ನು ಬಿಡುಗಡೆ ಮಾಡಿತು. ಆದರೆ ನೀರು ತುಂಬಿಸುವುದು ನಿಲ್ಲಲಿಲ್ಲ. ಅದೇ ನನಗೆ ತಡೆಯಲಾಗದಷ್ಟು ಸಿಟ್ಟು ತರಿಸಿದ್ದು. ಬೆಟ್ಟ ಜಾರುತ್ತಿದೆ ಅಂತ ದನ ಮೇಯಿಸುವವರಿಗೆ ಗೊತ್ತಿತ್ತು. ಕೇಳಿಸಿಕೊಳ್ಳುವವರು ಬೇಕಿತ್ತಲ್ವಾ?

ಎಲ್ಲಿಂದ ಬಂದಿರಿ ಅಂತ ಗೈಡ್ ಕೇಳಿದರು. ನಮ್ಮದು ಅಂಕೋಲಾ ತಾಲೂಕು. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಮಳೆ ಜೋರಾಗಿತ್ತು, ಗುಡ್ಡದ ಬುಡವನ್ನು ಹೆದ್ದಾರಿಗಾಗಿ ಕಡಿದಿದ್ದರು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದವರು, ಲಾರಿ, ಟ್ಯಾಂಕರ್ ಎಲ್ಲ ಮಣ್ಣಿನ ಜೊತೆ ಹೋದವು. ಕೇರಳದ ಚಾಲಕನ ಲಾರಿಯನ್ನು ಗಂಗಾವಳಿ ನದಿಯಿಂದ ಎತ್ತಿದ್ದು ಸೆಪ್ಟೆಂಬರ್ ಕೊನೆಗೆ. ಹೊರಗಿನವರಿಗೆ ಗೊತ್ತಿರುವುದು ಹೆಚ್ಚಾಗಿ ಇಷ್ಟೇ. ತಂಗಿ ಇಟಾಲಿಯನ್‌ನಲ್ಲಿ ಇದನ್ನೆಲ್ಲ ಅವರಿಗೆ ಹೇಳಿದಳು. ಹೇಳುವಾಗ ಅವಳ ಗಂಟಲು ಕಟ್ಟಿತು.

ಗೈಡ್ ನಕ್ಷೆ ತೋರಿಸಿ ಅಂದರು. ಮೊಬೈಲಿನಲ್ಲಿ ಶಿರೂರು ತೆಗೆದು ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಹೆದ್ದಾರಿ ನೋಡಿದರು, ನದಿಯ ಅಗಲ ನೋಡಿದರು. ಆಮೇಲೆ ಆಚೆ ದಡದ ಮನೆಗಳ ಮೇಲೆ ಬೆರಳಿಟ್ಟು, "ಇವರಿಗೆ ಏನಾಯಿತು?" ಅಂತ ಕೇಳಿದರು. ಅದು ಉಳುವರೆ. ಗುಡ್ಡ ಬಿದ್ದ ರಭಸಕ್ಕೆ ನದಿ ಎದ್ದು ಬಡಿದದ್ದು ಅಲ್ಲಿಗೇ, ಮನೆಗಳು ಹೋದದ್ದೂ ಅಲ್ಲಿಯೇ. ಆ ಊರಿನ ಹೆಸರನ್ನು ನಾವಿಬ್ಬರೂ ಇನ್ನೂ ಹೇಳಿರಲಿಲ್ಲ.

ನಾನು ಕನ್ನಡದಲ್ಲೇ ಹೇಳುತ್ತಾ ಹೋದೆ, ತಂಗಿ ಅವರಿಗೆ ತಿಳಿಸುತ್ತಾ ಹೋದಳು. ಅಣೆಕಟ್ಟು ನೋಡಲು ಬಂದಿದ್ದ ಉಳಿದವರೂ ಸುತ್ತ ಬಂದು ನಿಂತರು. ಮೊದಲು ಯಾರು ಎಚ್ಚರಿಸಿದ್ದರು, ಈಗ ಆ ಜನ ಎಲ್ಲಿದ್ದಾರೆ, ನದಿಯಲ್ಲಿ ಬಿದ್ದ ಮಣ್ಣನ್ನು ತೆಗೆದರಾ ಅಂತ ಒಬ್ಬೊಬ್ಬರಾಗಿ ಕೇಳತೊಡಗಿದರು.