ಬೋರ್ಡೋ ವೈನಿನಲ್ಲಿ ಮಣ್ಣಿನ ರುಚಿ ಇರುತ್ತಾ?

ವೈನ್ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ತಕ್ಷಣ ಜನ ಕೇಳುವುದು ಇದನ್ನೇ: 'ಬೋರ್ಡೋ ವೈನ್ ಕುಡಿದರೆ ಅಲ್ಲಿನ ಮಣ್ಣಿನ ರುಚಿ ಗೊತ್ತಾಗುತ್ತಂತೆ, ಹೌದಾ?'

ಇಲ್ಲ. ಕಲ್ಲುಮಣ್ಣಿನ ರುಚಿ ಬೇರು ಹಿಡಿದು ಹಣ್ಣಿಗೆ ಏರುವುದಿಲ್ಲ. ಬಳ್ಳಿಗೆ ಎಷ್ಟು ನೀರು, ಎಷ್ಟು ಕಾವು ಅನ್ನುವುದು ಮಣ್ಣಿನ ಕೈಯಲ್ಲಿದೆ. ಯಾವ ದ್ರಾಕ್ಷಿ ಅಲ್ಲಿ ಸರಿಯಾಗಿ ಮಾಗುತ್ತದೆ ಅನ್ನುವುದು ಅದರಿಂದ ತೀರ್ಮಾನವಾಗುತ್ತದೆ. ರುಚಿ ಆ ದ್ರಾಕ್ಷಿಯದು.

ಬೋರ್ಡೋ ಇರುವುದು ಫ್ರಾನ್ಸಿನ ನೈಋತ್ಯದಲ್ಲಿ, ಅಟ್ಲಾಂಟಿಕ್‌ಗೆ ಹತ್ತಿರ. ಗಾರೋನ್, ಡೋರ್ಡೋನ್ ನದಿಗಳು ಸೇರಿ ಜಿರೋಂಡ್ ಅಳಿವೆಯಾಗುತ್ತದೆ. ಅದರ ಎಡದಂಡೆಯಲ್ಲಿ ಮೆಡಾಕ್ ಅನ್ನುವ ಪ್ರದೇಶ. ಅಲ್ಲಿನ ಜೌಗು ನೀರನ್ನು 17ನೇ ಶತಮಾನದಲ್ಲಿ ಡಚ್ಚರು ಕಾಲುವೆ ತೋಡಿ ಹರಿಯಬಿಟ್ಟರು. ಒಳ್ಳೆಯ ತೋಟಗಳೆಲ್ಲ ಇರುವುದು ಗರಸು ದಿಬ್ಬಗಳ ಮೇಲೆ. ಹೊಳೆ ತಂದು ಸುರಿದ ನುಣುಪು ಕಲ್ಲುಗಳು. ನಮ್ಮ ರೈತರು ನೋಡಿದರೆ 'ಇದರಲ್ಲಿ ಏನು ಬೆಳೀತಾರೆ?' ಅಂದಾರು. ಆದರೆ ಮಳೆನೀರು ಅಲ್ಲಿ ನಿಲ್ಲುವುದಿಲ್ಲ. ಹಗಲು ಕಾದ ಕಲ್ಲು ಕತ್ತಲಾದ ಮೇಲೂ ಬೆಚ್ಚಗಿರುತ್ತದೆ. ತಡವಾಗಿ ಮಾಗುವ ಕಾಬರ್ನೆ ಸೊವಿನ್ಯೋನ್ ದ್ರಾಕ್ಷಿಗೆ ಆ ಕಾವು ಬೇಕೇ ಬೇಕು. ಸಾಲದಿದ್ದರೆ ವೈನಿಗೆ ಹಸಿ ಕ್ಯಾಪ್ಸಿಕಂ ವಾಸನೆ. ಸುಮ್ನೆ ಹೋಲಿಕೆ ಅಲ್ಲ, ಎರಡರಲ್ಲೂ ಇರುವುದು ಪೈರಜೀನ್ ಅನ್ನುವ ಒಂದೇ ಬಗೆಯ ರಾಸಾಯನಿಕ. ಚೆನ್ನಾಗಿ ಮಾಗಿತೋ, ಹಸಿ ಅಡಿಕೆ ಅಗಿದಂಥ ಒಗರು. ವರ್ಷಗಟ್ಟಲೆ ಇಟ್ಟರೆ ಅದೇ ಮೆತ್ತಗಾಗುತ್ತದೆ.

ಬಲದಂಡೆಯ ಪೊಮೆರೋಲ್‌ನಲ್ಲಿ ಕಥೆಯೇ ಬೇರೆ. ಅಲ್ಲಿನ ಪೆಟ್ರೂಸ್ ತೋಟದಲ್ಲಿರುವುದು ನೀಲಿ ಜೇಡಿಮಣ್ಣು. ಅದರಲ್ಲಿರುವ ಸ್ಮೆಕ್ಟೈಟ್ ಅನ್ನುವ ಖನಿಜ ನಮ್ಮ ಉತ್ತರ ಕರ್ನಾಟಕದ ಎರೆ ಹೊಲದಲ್ಲೂ ಇದೆ. ನೀರು ಕುಡಿದು ಉಬ್ಬುವ ಮಣ್ಣು. ತಂಪು ಜಾಸ್ತಿ, ಬೇಸಿಗೆಯಲ್ಲೂ ತೇವ ಬಿಟ್ಟುಕೊಡುವುದಿಲ್ಲ. ಕಾಬರ್ನೆ ಅಲ್ಲಿ ಒದ್ದಾಡುತ್ತದೆ. ಬೇಗ ಮಾಗುವ ಮೆರ್ಲೋ ದ್ರಾಕ್ಷಿ ಮಾತ್ರ ಆರಾಮಾಗಿರುತ್ತದೆ. ವೈನೂ ಹಾಗೇ, ದುಂಡಗೆ, ಮೃದು. ಶುರುವಿಗೆ ನಾನು ಯಾರಿಗಾದರೂ ಕೊಡುವುದು ಇಂಥ ಮೆರ್ಲೋವನ್ನೇ, ಪೆಟ್ರೂಸ್ ಬೆಲೆಯದ್ದಲ್ಲ ಬಿಡಿ.

ಇನ್ನು ಹವೆ. ಸಮುದ್ರ ಪಕ್ಕದಲ್ಲಿದೆ, ಆದ್ದರಿಂದ ಚಳಿ ಅತಿ ಇಲ್ಲ. ಪಕ್ಕದ ಲಾಂಡ್ ಪ್ರದೇಶದ ಪೈನ್ ಕಾಡು ಕಡಲಗಾಳಿಯನ್ನು ಒಂದಿಷ್ಟು ತಡೆಯುತ್ತದೆ. ಹಾಗಿದ್ದೂ 1956ರ ಫೆಬ್ರವರಿಯ ಹಿಮಕ್ಕೆ ಬಲದಂಡೆಯ ಬಳ್ಳಿಗಳು ರಾಶಿ ರಾಶಿ ಸತ್ತವು. ದಿನನಿತ್ಯದ ಕಾಟ ಮಾತ್ರ ತೇವದ್ದು. ತೇವ ಅಂದರೆ ಬೂಷ್ಟು ರೋಗ. ಮೆಡಾಕ್‌ನಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬಂದಿಲ್ಲ ಅನ್ನುವುದು ಬೋರ್ಡೋದ ಪ್ರೊಫೆಸರ್ ಮಿಲಾರ್ಡೆ ಕಣ್ಣಿಗೆ ಬಿತ್ತು. 1885ರಲ್ಲಿ ಅವರು ಪ್ರಕಟಿಸಿದ ಆ ಮಿಶ್ರಣವನ್ನೇ ಮಲೆನಾಡಿನಲ್ಲಿ ಈಗಲೂ ಕೊಳೆರೋಗಕ್ಕೆ ಅಡಿಕೆ ಮರಕ್ಕೆ ಹೊಡೆಯುತ್ತಾರೆ, ಬೋರ್ಡೋ ಅಂತಲೇ ಕರೆದು.