ಎಂಟನೇ ಫಾರಂ

ಬೆಳಿಗ್ಗೆಯೇ ಮಂಗಳೂರಿನ ಪ್ರೆಸ್ಸಿನಿಂದ ಫೋನ್ ಬಂತು. "ಅಕ್ಕಾ, ನಾಳೆ ಮಿಷನ್ ಖಾಲಿ ಉಂಟು. ಇವತ್ತು ರಾತ್ರಿಯೊಳಗೆ ಪಿಡಿಎಫ್ ಕಳಿಸಿ. ಇಲ್ಲದಿದ್ರೆ ಮದುವೆ ಕಾಗದಗಳ ಕೆಲಸ ಶುರುವಾಗ್ತದೆ, ಮತ್ತೆ ಮುಂದಿನ ವಾರವೇ."

ಅದೇ ಸಂಜೆ ಮಗಳ ಶಾಲೆಯ ವಾರ್ಷಿಕೋತ್ಸವ. ಯಕ್ಷಗಾನದಲ್ಲಿ ಅವಳದ್ದು ಬಾಲಗೋಪಾಲ ವೇಷ. ನಾಲ್ಕು ಗಂಟೆಗೆ ಬಣ್ಣಕ್ಕೆ ಕೂರಿಸಬೇಕು.

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನಾನು ನಡೆಸುವ ಪ್ರಕಾಶನ ಅಂದರೆ ಚಾವಡಿಯಲ್ಲಿ ಒಂದು ಮೇಜು, ಕಂಪ್ಯೂಟರು, ಅಟ್ಟದಲ್ಲಿ ಅಡಿಕೆ ಗೋಣಿಗಳ ಪಕ್ಕ ಪುಸ್ತಕದ ಕಟ್ಟುಗಳು, ಅಷ್ಟೇ. ಒಂದು ಪುಸ್ತಕಕ್ಕೆ 300 ಪ್ರತಿ ಹಾಕಿಸುತ್ತೇವೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ಆದರೂ ಇಲ್ಲಿ ಕನ್ನಡ ಶಾಲೆಗಳು ನಡೆಯುತ್ತಿವೆ, ಕನ್ನಡದಲ್ಲಿ ಬರೆಯುವವರು ಊರೂರಲ್ಲಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹಸ್ತಪ್ರತಿ ಹಿಡಿದುಕೊಂಡು ಬೆಂಗಳೂರಿಗೆ ಹೋಗುವವರಲ್ಲ. ಅವರ ಬರಹ ಕಪಾಟಿನಲ್ಲೇ ಉಳಿಯಬಾರದು ಅಂತಲೇ ನಾನು ಈ ಕೆಲಸ ಹಿಡಿದದ್ದು.

ಈ ಸಲದ್ದು ನಿವೃತ್ತ ಟೀಚರೊಬ್ಬರ ನೆನಪುಗಳು. 128 ಪುಟ. ಒಟ್ಟಿಗೆ ಅಚ್ಚಾಗುವ ಹದಿನಾರು ಪುಟಕ್ಕೊಂದು ಫಾರಂ, ಒಟ್ಟು ಎಂಟು. ಏಳರ ಕರಡು ತಿದ್ದಿ ಆಗಿತ್ತು, ಕೊನೆಯದ್ದು ಬಾಕಿ. ಅವರು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದರು. ಅದನ್ನು ಯುನಿಕೋಡಿಗೆ ತಿರುಗಿಸುವಾಗ ಅರ್ಕಾವತ್ತು ಅಲ್ಲಲ್ಲಿ ಜಾಗ ತಪ್ಪಿತ್ತು. 'ಕಾರ್ಯ' ಇದ್ದದ್ದು 'ಕಾಯರ್'. ಕಣ್ಣು ಇಂಥದ್ದನ್ನು ಸುಮ್ನೆ ದಾಟಿ ಹೋಗುತ್ತದೆ, ಮನಸ್ಸೇ ಸರಿಮಾಡಿ ಓದಿಕೊಳ್ಳುತ್ತದೆ. ಅದಕ್ಕೇ ನಮ್ಮಲ್ಲಿ ಕೊನೆಯ ಕರಡನ್ನು ಗಟ್ಟಿಯಾಗಿ ಓದಲೇಬೇಕು.

ಓದುವವರು ಮಾವ. ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದವರು. ಅಲ್ಪವಿರಾಮ, ಪೂರ್ಣವಿರಾಮ, ಉದ್ಧರಣ ಚಿಹ್ನೆ, ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೆ. ನಾನು ಮೂಲಪ್ರತಿಯ ಮೇಲೆ ಬೆರಳಿಟ್ಟು ಕೂರುತ್ತೇನೆ. ಅವತ್ತು ಪುಟ 121ಕ್ಕೆ ಬಂದವರು ಗಕ್ಕನೆ ನಿಂತರು. "ಇಲ್ಲಿ ಮನೆ ಹೆಸರು 'ಪದವಿ' ಅಂತ ಆಗಿದೆಯಲ್ಲ, ಆಗ 'ಪದವು' ಅಂತ ಓದಿದೆ." ಹಿಂದೆ ತಿರುಗಿಸಿದರೆ ಹೌದು, 117ರಲ್ಲಿ 'ಪದವು'. ಎರಡೂ ಕನ್ನಡದ ಪದಗಳೇ. ಯಾವ ಸ್ಪೆಲ್‌ಚೆಕ್ಕೂ ಇದನ್ನು ಹಿಡಿಯುತ್ತಿರಲಿಲ್ಲ.

ಮಧ್ಯಾಹ್ನ ಗಂಡ ತೋಟದಿಂದ ಬಂದು ಗಂಜಿ ಬೇಯಿಸಿದರು. ಮಗಳು ಗೆಜ್ಜೆ ಕಟ್ಟಿಕೊಂಡು ಚಾವಡಿ ಸುತ್ತುತ್ತಿದ್ದಳು. ಹೊರಡುವ ಹೊತ್ತಿಗೆ ಇನ್ನೂ ನಾಲ್ಕು ಪುಟ ಉಳಿದಿತ್ತು. ಮಾವ ಕನ್ನಡಕವನ್ನೂ ಕರಡನ್ನೂ ಬಟ್ಟೆ ಚೀಲಕ್ಕೆ ಹಾಕಿದರು. "ಚೌಕಿಯಲ್ಲೇ ಮುಗಿಸುವ, ನಡಿ."

ಹಾಗೇ ಮಾಡಿದೆವು. ಶಾಲೆಯ ಆರನೇ ತರಗತಿಯ ಕೋಣೆಯೇ ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಒಂದು ಕಡೆ ಮಗಳ ಮುಖಕ್ಕೆ ಬಣ್ಣ ಏರುತ್ತಿತ್ತು, ಅವಳು ಅಲುಗಾಡದೆ ಕೂತಿದ್ದಳು. ಇನ್ನೊಂದು ಕಡೆ ಬೆಂಚಿನ ಮೇಲೆ ಮಾವನ ಓದು. ಮಕ್ಕಳಿಗೆ ಬಟ್ಟೆ ಕಟ್ಟಿಸುತ್ತಿದ್ದ ತಾಯಂದಿರ ಮಾತು ಒಂದೊಂದೇ ನಿಂತಿತು. ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಬರುವ ಮಕ್ಕಳ ಕತೆ ಅದು.

"ಇದು ನಮ್ಮ ಟೀಚರ್ ಬರೆದದ್ದಲ್ವಾ?" ಅಂತ ಒಬ್ಬಾಕೆ ಕೇಳಿದರು. ನಾನು ಹೂಂ ಅಂದದ್ದೇ ತಡ, "ಆ ಹೊಳೆ ದಾಟಿಸಿದ್ದು ನನ್ನ ಅಪ್ಪ. ನನಗೊಂದು ಪುಸ್ತಕ ತೆಗೆದಿಡಿ" ಅಂದರು. ಉಳಿದವರೂ ಹೆಸರು ಕೊಟ್ಟರು. ಕರಡಿನ ಹಿಂಬದಿಯಲ್ಲೇ ಪಟ್ಟಿ ಬರೆದುಕೊಂಡೆ. ನನಗೆ ಕಣ್ಣು ತುಂಬಿ ಬಂತು, ಮಾವ ಮಾತ್ರ ಓದು ನಿಲ್ಲಿಸಲಿಲ್ಲ.

ಮಗಳ ಕುಣಿತ ಪೂರ್ತಿ ನೋಡಿದೆ. ಮನೆಗೆ ಬಂದು ತಿದ್ದುಪಡಿ ಹಾಕಿ, ಹನ್ನೊಂದೂವರೆಗೆ ಫೈಲ್ ಕಳಿಸಿದೆ.

ಪುಸ್ತಕಗಳನ್ನು ಕಡಿಮೆ ದರದಲ್ಲಿ ಕಳಿಸುವ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಾಗ ಒಂದೊಂದೇ ಪ್ರತಿ ದೂರಕ್ಕೆ ಕಳಿಸುವುದು ನಮ್ಮಂಥವರಿಗೆ ಭಾರವಾಯಿತು. ಈ ಪಟ್ಟಿಯ ಪುಸ್ತಕಗಳಿಗೆ ಅಂಚೆಯೇ ಬೇಕಾಗಲಿಲ್ಲ, ಮಗಳನ್ನು ಬಿಡಲು ಹೋದಾಗ ಶಾಲೆಯ ಗೇಟಿನಲ್ಲೇ ಕೊಟ್ಟೆ. ಮುಂದಿನ ಪುಸ್ತಕದ ಕೊನೆಯ ಫಾರಮ್ಮನ್ನೂ ಶಾಲೆಯಲ್ಲೇ ಓದುವ ಅಂತ ಮಾವ ಹೇಳಿದ್ದಾರೆ. ಹೆಡ್‌ಮಾಷ್ಟ್ರು ಒಂದು ಶನಿವಾರ ಕೋಣೆ ಕೊಡಲು ಒಪ್ಪಿದ್ದಾರೆ.